ಯಂತ್ರದ ಬಾಯಿಂದಲೇ ಕೇಳಿದವನು

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ‘ಒಂದ್ನಿಮಿಷ’ ಎಂದೇ ಕರೆಯುತ್ತಿದ್ದರು. ಫೋನ್ ಎತ್ತಿದರೆ ಅವನ ಬಾಯಿಂದ ಬರುತ್ತಿದ್ದ ಮೊದಲ ಮಾತು ಅದು. ಹಲೋ ಇಲ್ಲ, ಯಾರು ಎಂಬ ವಿಚಾರಣೆಯಿಲ್ಲ. “ಒಂದ್ನಿಮಿಷ” ಎಂದು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕುಳಿತು, ಆಮೇಲೆ “ಹಾಂ, ಈಗ ಹೇಳಿ” ಎನ್ನುತ್ತಿದ್ದ. ಆ ಒಂದು ನಿಮಿಷ ಎಷ್ಟು ಉದ್ದವಿರುತ್ತಿತ್ತೆಂದರೆ, ಅಷ್ಟರಲ್ಲಿ ಕೆಟ್ಟ ಕಂಪ್ಯೂಟರ್ ಬೇಸರ ಬಂದು ತಾನೇ ಸರಿಹೋಗುತ್ತದೆ ಎಂದು ನರ್ಸುಗಳು ನಗುತ್ತಿದ್ದರು.

ಕಟ್ಟಡದ ತಳದಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ ಅವನ ಜಾಗ. ಗೋಡೆಯ ಆಚೆ ದೊಡ್ಡ ಒಗೆಯುವ ಯಂತ್ರಗಳು ದಿನವಿಡೀ ತಿರುಗುತ್ತಿದ್ದವು. ಅವನ ಮೇಜಿನ ಮೇಲಿನ ಟೀ ಲೋಟದಲ್ಲಿ ಸದಾ ಸಣ್ಣ ಅಲೆ. ನಾನು ಅದೇ ಆಸ್ಪತ್ರೆಯ ಗ್ರಂಥಾಲಯದವನು. ಮಧ್ಯಾಹ್ನದವರೆಗೆ ವಾರ್ಡುಗಳಲ್ಲಿ ಪುಸ್ತಕದ ಗಾಡಿ ತಳ್ಳುವುದು, ಆಮೇಲೆ ಕೋಣೆಯಲ್ಲಿ ಕೂರುವುದು ನನ್ನ ಕೆಲಸ. ಊಟಕ್ಕೆ ಅವನು ನನ್ನ ಬಳಿ ಬರುತ್ತಿದ್ದ. ಪುಸ್ತಕ ತೆಗೆದುಕೊಂಡರೆ ಮೊದಲು ಕೊನೆಯ ಪುಟ ಓದುತ್ತಿದ್ದ. ಬೈದರೆ, “ಇವನು ಉಳೀತಾನೋ ಇಲ್ವೋ ಅಂತ ಗೊತ್ತಾದ್ರೆ ಉಳಿದದ್ದನ್ನ ನೆಮ್ಮದಿಯಾಗಿ ಓದ್ಬೋದು ಕಣೋ” ಎನ್ನುತ್ತಿದ್ದ. ಹೀಗೆ ವರ್ಷಗಳು ಕಳೆದವು. ಈಗ ಅವನ ಕೊನೆಯ ಪುಟ ನನಗೆ ಗೊತ್ತಿದೆ. ಉಳಿದದ್ದನ್ನು ನೆಮ್ಮದಿಯಾಗಿ ಓದಲು ಮಾತ್ರ ಆಗುತ್ತಿಲ್ಲ.

ಯಾರು ಏನೇ ದೂರು ಹೇಳಲಿ, ಪ್ರಿಂಟರ್ ನಡೆಯುತ್ತಿಲ್ಲ ಎನ್ನಲಿ, ಪರದೆ ಕಪ್ಪಾಯಿತು ಎನ್ನಲಿ, ಅವನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: “ಅದ್ರಲ್ಲಿ ಯಾವ ವಿಂಡೋಸ್ ಇದೆ?” ಕಂಪ್ಯೂಟರಿನ ಒಳಗೆ ಕುಳಿತು ಅದನ್ನು ನಡೆಸುವ ಮೂಲ ವ್ಯವಸ್ಥೆಯ ಯಾವ ಆವೃತ್ತಿ ಎಂದರ್ಥ. ಅದು ತಿಳಿಯದೆ ಮುಂದಿನ ಮಾತೇ ಇಲ್ಲ. ಜನ ಕೊಡುತ್ತಿದ್ದ ಉತ್ತರಗಳನ್ನು ಅವನು ಊಟದ ಹೊತ್ತಿಗೆ ನನಗೆ ಬಡಿಸುತ್ತಿದ್ದ. “ನೀಲಿ ಬಣ್ಣದ್ದು ಸಾರ್.” “ಹೊಸದೇ ಇರ್ಬೇಕು, ಮೊನ್ನೆ ತಾನೇ ಒರೆಸಿದೀವಿ.” “ನನಗಿಂತ ಮುಂಚೆ ಇದ್ದವರು ಬಿಟ್ಟು ಹೋಗಿದ್ದು.” ಒಬ್ಬ ದೊಡ್ಡ ಡಾಕ್ಟರು, “ದೊಡ್ಡದು” ಎಂದಿದ್ದರಂತೆ.

“ವಯಸ್ಸೆಷ್ಟು ಅಂತ ಕೇಳಿದ್ರೆ ಬಿಳಿ ಅಂಗಿ ಅಂತಾರೆ ಕಣೋ,” ಎಂದು ಅವನು ತಲೆ ಚಚ್ಚಿಕೊಳ್ಳುತ್ತಿದ್ದ.

ಕಂಪ್ಯೂಟರಿನ ಮೈಮೇಲೆ ಅಂಟಿಸಿರುವ ಚೀಟಿಯನ್ನು ನಂಬುತ್ತಿರಲಿಲ್ಲ. ಅದು ಕೊಂಡಾಗಿನ ಮಾತು, ಆಮೇಲೆ ಒಳಗೆ ಏನೇನು ಬದಲಾಗಿದೆಯೋ ಚೀಟಿಗೆ ಗೊತ್ತಿಲ್ಲ ಎನ್ನುತ್ತಿದ್ದ. ತನ್ನ ನೆನಪನ್ನೂ ನಂಬುತ್ತಿರಲಿಲ್ಲ. ಕಿಟಕಿ ಗುರುತಿನ ಕೀಲಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿ, ಬಂದ ಸಣ್ಣ ಪೆಟ್ಟಿಗೆಯಲ್ಲಿ ‘ವಿನ್‌ವರ್’ ಎಂಬ ಪದವನ್ನು ಟೈಪ್ ಮಾಡಿದರೆ, ಯಂತ್ರ ತನ್ನ ಆವೃತ್ತಿಯ ಸಂಖ್ಯೆಯನ್ನು ತಾನೇ ತೋರಿಸುತ್ತದೆ. “ಅದರ ಬಾಯಿಂದಲೇ ಕೇಳ್ಬೇಕು,” ಎನ್ನುತ್ತಿದ್ದ.

ಸಾಧು ಮನುಷ್ಯನೇನೂ ಅಲ್ಲ. ಅವನ ಸ್ಕ್ರೂಗಳ ಡಬ್ಬಿಯನ್ನು ಯಾರಾದರೂ ಮುಟ್ಟಿದರೆ ಎರಡು ದಿನ ಮುಖ ಗಂಟು ಹಾಕಿಕೊಂಡಿರುತ್ತಿದ್ದ. ನನ್ನ ಜೊತೆ ಚದುರಂಗದಲ್ಲಿ ಸೋತರೆ ಹಲಗೆಯನ್ನು ಮಡಚಿ, “ಇವತ್ತು ಬೆಳಕು ಸರಿ ಇಲ್ಲ” ಎಂದು ಎದ್ದುಬಿಡುತ್ತಿದ್ದ. ನನ್ನ ಮೇಲೂ ರೇಗುತ್ತಿದ್ದ. ಆದರೂ ಅವನು ಬಾರದ ಮಧ್ಯಾಹ್ನ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಕೊನೆಕೊನೆಗೆ ಅವನಿಗೆ ಉಸಿರು ಸಾಲದಾಯಿತು. ತಳದ ಕೋಣೆಯಿಂದ ಗ್ರಂಥಾಲಯಕ್ಕೆ ಬರುವಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದ. ಹೃದಯ ಹಿಗ್ಗಿದೆ, ಮೆಟ್ಟಿಲು ಹತ್ತಬಾರದು, ಈ ಕೆಲಸವನ್ನೇ ಬಿಟ್ಟರೆ ಒಳ್ಳೆಯದು ಎಂದು ನಮ್ಮದೇ ಆಸ್ಪತ್ರೆಯ ಹೃದಯದ ಡಾಕ್ಟರು ಹೇಳಿದರು. ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಅವರು ಮಾತಿಗಿಂತ ಮುಂಚೆ ಕೆಲಸಕ್ಕೆ ಇಳಿದರು. ದೂರದ ಊರಿನಲ್ಲಿ ಅವರ ತಂಗಿಯ ಮನೆಯಲ್ಲಿ ನೆಲಮಹಡಿಯ ಕೋಣೆಯೊಂದನ್ನು ಖಾಲಿ ಮಾಡಿಸಿದರು. ಗಾಳಿ ಬರುವ ಕಿಟಕಿ, ಹೊಸ್ತಿಲು ದಾಟಿದರೆ ಸಮತಟ್ಟು ದಾರಿ. ಪೆಟ್ಟಿಗೆಗೆ ಬಟ್ಟೆ ತುಂಬಿದರು. ಅವನೂ ಒಪ್ಪಿದ. ಇಷ್ಟು ಬೇಗ ಒಪ್ಪಿದನಲ್ಲ ಎಂದು ನನಗೆ ಭಯವೇ ಆಯಿತು. “ಸುಸ್ತಾಗಿದೆ ಕಣೋ. ಮಲಗಿದ್ರೂ ಸುಸ್ತು ಹೋಗಲ್ಲ,” ಎಂದ, ತಟ್ಟೆ ನೋಡುತ್ತ.

ಹೋಗುವ ಮುಂಚೆ ಮುಗಿಸಿಕೊಡಬೇಕಾದ ಕೆಲಸ ಒಂದಿತ್ತು. ಮೇಲಿನ ಕಚೇರಿಯಿಂದ ಆದೇಶ ಬಂದಿತ್ತು: ಹಳೆಯ ವಿಂಡೋಸ್ ಇರುವ ಕಂಪ್ಯೂಟರುಗಳಿಗೆ ತಯಾರಕರ ಬೆಂಬಲ ನಿಂತಿದೆ, ಇನ್ನು ರಕ್ಷಣೆಯಿಲ್ಲ, ಅವುಗಳ ಮೂಲಕ ಕಳ್ಳರು ರೋಗಿಗಳ ಮಾಹಿತಿಗೆ ಕೈ ಹಾಕಬಹುದು, ಆದ್ದರಿಂದ ಬರುವ ತಿಂಗಳ ಮೊದಲ ದಿನ ಬೆಳಿಗ್ಗೆ ಅಂಥವೆಲ್ಲ ಆಸ್ಪತ್ರೆಯ ಜಾಲದಿಂದ ತಾವಾಗಿ ಕಡಿದುಹೋಗುತ್ತವೆ. ಕಡಿಯುವವರು ದೂರದ ಊರಿನಲ್ಲಿ ಕುಳಿತವರು, ಅಂಗಲಾಚಿದರೂ ನಿಲ್ಲಿಸುವವರಲ್ಲ. ಯಾವ ಕೋಣೆಯಲ್ಲಿ ಯಾವ ಆವೃತ್ತಿ ಇದೆ ಎಂದು ಅಷ್ಟರಲ್ಲಿ ಕಂಡುಹಿಡಿದು, ಹಳೆಯದನ್ನು ಬದಲಾಯಿಸಬೇಕು. ಅವನ ಮೇಲಧಿಕಾರಿ ಮೇಡಂ ಒಳ್ಳೆಯವರು. “ನೀವು ಎಲ್ಲೂ ಓಡಾಡ್ಬೇಡಿ. ಕೂತಲ್ಲೇ ಫೋನ್ ಮಾಡಿ ಕೇಳಿ, ಎಷ್ಟಿದೆ ಹೇಳಿ, ಆಮೇಲೆ ಹೊರಟುಬಿಡಿ,” ಎಂದರು.

ಅವನು ಹಾಗೇ ಮಾಡಿದ. ಗಾಡಿಯನ್ನು ಅವನ ಕೋಣೆಯಲ್ಲಿ ನಿಲ್ಲಿಸಿ ನಾನು ಕೇಳುತ್ತ ಕುಳಿತಿದ್ದೆ. ಮಕ್ಕಳ ವಾರ್ಡಿನ ಹಿರಿಯ ನರ್ಸಿನ ಸರದಿ ಬಂತು. ಅವರಿಗೆ ಗುಡುಗು ಎಂದು ಹೆಸರು. ಅವರ ದನಿ ಫೋನಿನಿಂದ ಹೊರಗೆ ಬಂದು ನನಗೂ ಕೇಳುತ್ತಿತ್ತು.

“ಸಿಸ್ಟರ್, ಕಿಟಕಿ ಗುರುತಿನ ಗುಂಡಿ ಒತ್ತಿ ಹಿಡ್ಕೊಳ್ಳಿ.”

“ಕಿಟಕಿ ಮುಚ್ಚಿದೆ ಕಣಪ್ಪ, ಮಕ್ಕಳಿಗೆ ಗಾಳಿ ಆಗಲ್ಲ ಅಂತ.”

“ಗೋಡೆ ಕಿಟಕಿ ಅಲ್ಲ ತಾಯಿ. ಕೀಲಿಮಣೆಯಲ್ಲಿ, ಎಡಗಡೆ ಕೆಳಗೆ.”

“ಹಾಂ, ಸಿಕ್ತು. ಒತ್ತಿ ಬಿಟ್ಟೆ.”

“ಬಿಡ್ಬೇಡಿ! ಹಿಡ್ಕೊಂಡೇ ಆರ್ ಒತ್ತಿ.”

“ನನಗೆ ಕೈ ಇರೋದು ಎರಡು. ಒಂದ್ರಲ್ಲಿ ಫೋನ್, ಒಂದ್ರಲ್ಲಿ ಮಗು. ಗುಂಡಿ ನಿಮ್ಮಪ್ಪ ಬಂದು ಒತ್ತಾರಾ?”

“ಮಗು ಕೈಲೇ ಒತ್ಸಿ.”

ಸ್ವಲ್ಪ ಹೊತ್ತು ಅತ್ತಕಡೆ ಮಗುವಿನ ಕೇಕೆ, ಗುಡುಗಿನ ಗದರಿಕೆ. ಕೊನೆಗೆ ಆಕೆ ಸಂಖ್ಯೆ ಓದಿ ಹೇಳಿದರು. ಅವನು ಸರಿಯಾಗಿದೆ ಎಂದು ತಲೆಯಾಡಿಸಿದ. ಅದು ಹೊಸ ಆವೃತ್ತಿ, ಕಡಿಯುವ ಗುಂಪಿಗೆ ಸೇರಿದ್ದಲ್ಲ. ಮುಂದಿನ ವಾರ್ಡು, ಅದೂ ಹೊಸದು. ಎಕ್ಸ್-ರೇ ಕೋಣೆ, ಹೊಸದು. ಮೇಲಿನ ರಕ್ತಪರೀಕ್ಷೆಯ ಲ್ಯಾಬು, ಎಲ್ಲ ಹೊಸದು. ನನ್ನ ಗ್ರಂಥಾಲಯದ್ದನ್ನೂ ಫೋನಿನಲ್ಲೇ ಕೇಳಿದ. ನಾನೂ ಓದಿ ಹೇಳಿದೆ. ವಾರ ಮುಗಿಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಬದಲಾಯಿಸುವಂಥದ್ದು ಏನೂ ಇಲ್ಲ ಎಂದು ಮೇಡಂ ಹಿಗ್ಗಿ ಮೇಲಿನವರಿಗೂ ತಿಳಿಸಿಬಿಟ್ಟರು. ಅತ್ತಿಗೆ ಪ್ರಯಾಣದ ದಿನ ಗೊತ್ತುಮಾಡಿದರು.

ಮರುದಿನ ಅವನು ಊಟಕ್ಕೆ ಬಂದ. ಡಬ್ಬಿ ಬಿಚ್ಚಿ ಎರಡು ತುತ್ತು ಉಂಡು ಕೈ ನಿಲ್ಲಿಸಿದ. ಅವನ ಕಣ್ಣು ನನ್ನ ಮೇಜಿನ ಕಂಪ್ಯೂಟರಿನ ಮೇಲಿತ್ತು.

“ನಿನ್ನದು ಏನು ಸಂಖ್ಯೆ ಹೇಳ್ದೆ?”

ಹೇಳಿದೆ.

“ಇದನ್ನ ನಾನೇ ತಂದಿಟ್ಟಿದ್ದು. ಹಳೇ ವಿಂಡೋಸ್ ಸೆವೆನ್ ಹಾಕಿದ್ದೂ ನಾನೇ. ಆಮೇಲೆ ಮುಟ್ಟಿದ ನೆನಪಿಲ್ಲ.”

“ಮರೆತಿರ್ತೀಯ.”

“ಇರ್ಬೋದು. ಆದ್ರೆ ಒಂದೇ ತಾಯಿ ಹೊಟ್ಟೇಲಿ ಹುಟ್ಟಿದವರೂ ಇಷ್ಟೊಂದು ಒಂದೇ ಥರ ಇರಲ್ಲ ಕಣೋ. ಬೇರೆ ಬೇರೆ ಕಾಲದಲ್ಲಿ ತಂದವು, ಎಲ್ಲದಕ್ಕೂ ಒಂದೇ ಸಂಖ್ಯೆನಾ?”

ಕೈ ತೊಳೆದು ಬಂದು ನನ್ನ ಕುರ್ಚಿಯಲ್ಲಿ ಕುಳಿತ. ಕೀಲಿ ಒತ್ತಿ, ಪದ ಟೈಪ್ ಮಾಡಿ ನೋಡಿದ. ನಾನು ಹೇಳಿದ್ದೇ ಸಂಖ್ಯೆ. ಮತ್ತೆ ಏನೇನೋ ಒತ್ತಿ ತನ್ನ ಗುಟ್ಟಿನ ಪದ ಹಾಕಿದ. ನಾನು ದಿನವೂ ನೋಡುತ್ತಿದ್ದ ಪರದೆ ಪೂರ್ತಿ ಸರಿದು, ಅದರ ಹಿಂದಿನಿಂದ ಇನ್ನೊಂದು ಪರದೆ ಬಂತು. ಹಳೆಯ, ಮಾಸಿದ ಹಸಿರು ಬಣ್ಣದ್ದು. ನನ್ನ ಕಂಪ್ಯೂಟರಿನಲ್ಲಿ ಅಂಥದ್ದೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಅಲ್ಲಿ ಅದೇ ಕೀಲಿ ಒತ್ತಿ, ಅದೇ ಪದ ಟೈಪ್ ಮಾಡಿದ. ಸೆವೆನ್ ಎಂದು ಬಂತು.

ಅವನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಎದೆ ನೋವೇನೋ ಎಂದು ನಾನು ಹತ್ತಿರ ಹೋದೆ.

“ನೋವಲ್ಲ. ಒಂದ್ನಿಮಿಷ.” ಆಮೇಲೆ ಹೇಳಿದ: “ನೀವೆಲ್ಲ ನೋಡೋದು ನಿಮ್ಮ ಕಂಪ್ಯೂಟರನ್ನಲ್ಲ. ಕೆಳಗೆ ನನ್ನ ಕೋಣೆ ಪಕ್ಕದಲ್ಲಿ ಒಂದು ದೊಡ್ಡದಿದೆಯಲ್ಲ, ಸರ್ವರು, ಅದರ ಚಿತ್ರ. ರೋಗಿಗಳ ಮಾಹಿತಿ ಒಂದೇ ಕಡೆ ಇರ್ಲಿ ಅಂತ ನಾನೇ ಹಾಗೆ ಮಾಡಿದ್ದು. ನಿಮ್ಮ ಪರದೆ ತುಂಬಾ ಅದೇ ಕೂತಿರುತ್ತೆ. ನೀವು ಕೀಲಿ ಒತ್ತಿದ್ರೆ ಅದು ಹೋಗೋದು ಕೆಳಗಿನದಕ್ಕೆ. ಉತ್ತರ ಕೊಡೋದೂ ಅದೇ. ಮನೇಲಿ ಯಾರಿದ್ದೀರಿ ಅಂತ ಬಾಗಿಲು ತಟ್ಟಿದ್ರೆ ಪಕ್ಕದ್ಮನೆಯವರು ಓಗೊಟ್ಟಂಗೆ. ಇಡೀ ವಾರ ಒಂದೇ ಯಂತ್ರವನ್ನ ಎಲ್ಲರ ಕೈಲೂ ಕೇಳ್ಸಿದೀನಿ.”

“ಹಾಗಾದ್ರೆ ಫೋನಲ್ಲೇ ಹೇಳು, ಈ ಪರದೆ ಸರಿಸಿ ನೋಡಿ ಅಂತ.”

“ಸರಿಸೋಕಾಗಲ್ಲ. ಯಾರೂ ಕೈಯಾಡಿಸ್ಬಾರ್ದು ಅಂತ ಬೀಗ ಹಾಕಿದೀನಿ. ನನ್ನ ಪದ ಹಾಕಿದ್ರೇ ತೆರೆಯೋದು.”

“ನಿನ್ನ ಕೋಣೆಯಿಂದ ನೋಡೋಕಾಗಲ್ವಾ?”

“ಆ ದಾರೀನೂ ಮುಚ್ಚಿದೀನಿ. ಕಳ್ಳರು ಬರ್ತಾರೆ ಅಂತ.” ಅವನು ನಕ್ಕ, ಮುಖದಲ್ಲಿ ರಕ್ತವಿರಲಿಲ್ಲ. “ಎಷ್ಟು ಚೆನ್ನಾಗಿ ಮುಚ್ಚಿದೀನಿ ನೋಡು.”

ಎಲ್ಲವೂ ಹಳೆಯವಲ್ಲ, ನಡುವೆ ಕೆಟ್ಟವುಗಳಿಗೆ ಹೊಸದನ್ನು ಹಾಕಿದ್ದ. ಯಾವುದು ಹೊಸದು, ಯಾವುದು ಹಳೆಯದು ಎಂದು ಈಗ ತಿಳಿಯಬೇಕಾದರೆ ಪ್ರತಿ ಕೋಣೆಗೂ ಹೋಗಿ, ಪ್ರತಿಯೊಂದರ ಮುಂದೆ ಕುಳಿತು, ಬೀಗ ತೆಗೆದು ಕೇಳಬೇಕು. ಹೋಗಬೇಕಾದವನು ಮೆಟ್ಟಿಲು ಹತ್ತಬಾರದವನು.

ಅಂದೇ ಮೇಡಂ ಬಳಿ ಹೋದ. ಅವನಿಗೆ ಉಸಿರು ಹತ್ತುತ್ತದೆಂದು ನಾನೂ ಜೊತೆಗೆ ಹೋದೆ. ಅವರು ಎಲ್ಲ ಕೇಳಿ ಹಣೆ ಒತ್ತಿಕೊಂಡರು.

“ನಾನು ಮೇಲೆ ಹೇಳಾಯ್ತಲ್ರೀ.”

“ಮತ್ತೆ ಹೇಳಿ ಮೇಡಂ. ನನ್ನ ತಪ್ಪು ಅನ್ನಿ.”

“ಅದಲ್ಲ ಮಾತು. ನಿಮ್ಮ ಜಾಗಕ್ಕೆ ಬರೋರು ನೋಡ್ಕೊಳ್ತಾರೆ.”

“ಅವರು ಬರೋದು ಕಡಿಯೋ ದಿನ ಆದ್ಮೇಲೆ.”

“ಒಂದು ದಿನ ಗಲಾಟೆ ಆಗುತ್ತೆ, ಆಗ್ಲಿ. ಆಮೇಲೆ ಸರಿಹೋಗುತ್ತೆ. ನೀವು ಊರಿಗೆ ಹೊರಡಿ. ನಿಮ್ಮ ಮುಖ ನೋಡಿದ್ರೆ ನನಗೇ ಉಸಿರು ಕಟ್ಟುತ್ತೆ.”

“ಲ್ಯಾಬಿನವು ಹಳೇವಾಗಿದ್ರೆ ಅವತ್ತು ಬೆಳಿಗ್ಗೆ ಒಂದೂ ರಿಪೋರ್ಟು ವಾರ್ಡಿಗೆ ಹೋಗಲ್ಲ. ರಕ್ತ ಕೊಟ್ಟವರು ಕೊಟ್ಟು ಕೂತಿರ್ತಾರೆ.”

ಮೇಡಂ ಬೇಡವೆಂದು ಹೇಳಲಿಲ್ಲ. ಮೇಲಿನವರಿಗೆ ಮತ್ತೆ ಹೇಳುತ್ತೇನೆ ಎಂದಷ್ಟೇ ಅಂದರು, ಆ ಮಾತಿಗೆ ಅವರು ತಪ್ಪಲಿಲ್ಲ.

ಸಂಜೆ ಅವನನ್ನು ಮನೆಗೆ ಬಿಡಲು ಹೋದೆ. ಎರಡು ಕೋಣೆಯ ಮನೆ. ಹೊಲಿಗೆ ಯಂತ್ರದ ಸುತ್ತ ಬಟ್ಟೆಯ ಚೂರು, ಬಾಗಿಲ ಬಳಿ ಕಟ್ಟಿಟ್ಟ ಪೆಟ್ಟಿಗೆ. ಪ್ರಯಾಣ ಮುಂದಕ್ಕೆ ಹಾಕಬೇಕು ಎಂದು ಅವನು ಹೇಳಿದಾಗ ಅತ್ತಿಗೆ ಯಂತ್ರ ನಿಲ್ಲಿಸಿದರು. ನನ್ನ ಕಡೆ ತಿರುಗಿ ಕೇಳಿದರು:

“ಮೇಡಂ ಹೋಗಿ ಅಂದ್ರಂತೆ. ಡಾಕ್ಟ್ರು ಹೋಗಿ ಅಂದ್ರು. ಮತ್ತೆ ಇವರನ್ನ ಹಿಡ್ಕೊಂಡಿರೋರು ಯಾರು?”

“ಯಾರೂ ಇಲ್ಲ,” ಎಂದ ಅವನು. “ಅದೇ ಕಷ್ಟ.”

“ಒಗಟು ಹೇಳ್ಬೇಡಿ. ನಮ್ಮ ತಂಗಿ ಬಾಡಿಗೆಯವರನ್ನ ಬಿಡಿಸಿ ಕೋಣೆ ಕೊಟ್ಟಿದಾಳೆ. ಅವಳಿಗೆ ಏನು ಹೇಳ್ಲಿ? ನಮ್ಮೆಜಮಾನ್ರು ಕಂಪ್ಯೂಟರ್‌ಗಳ ಕುಶಲ ವಿಚಾರಿಸ್ಕೊಂಡು ಬರ್ತಾರೆ, ತಡ ಆಗುತ್ತೆ ಅಂತನಾ?”

“ನಾನೇ ಫೋನಲ್ಲಿ ಹೇಳ್ಕೊಟ್ಟಿದ್ದು ಕಣೆ. ಅವರೆಲ್ಲ ನಾನು ಹೇಳಿದಂಗೇ ಮಾಡಿದ್ರು. ಆ ಸಿಸ್ಟರ್ ಮಗೂನ ಎತ್ಕೊಂಡೇ ಮಾಡಿದ್ರು. ಒಬ್ರೂ ತಪ್ಪು ಮಾಡ್ಲಿಲ್ಲ. ಎಲ್ಲರೂ ನನ್ನ ಮಾತು ಕೇಳಿದ್ರಿಂದಲೇ ತಪ್ಪಾಯ್ತು.”

“ನಾನು ಮಾತ್ರ ನಿಮ್ಮ ಮಾತು ಕೇಳಲ್ಲ, ನೀವು ನನ್ನ ಮಾತು ಕೇಳಲ್ಲ. ಸರಿಹೋಯ್ತು,” ಎಂದು ಅತ್ತಿಗೆ ಒಳಗೆ ಎದ್ದುಹೋದರು. ಪಾತ್ರೆಗಳ ಸದ್ದು ಜೋರಾಗಿತ್ತು.

ಗುಟ್ಟಿನ ಪದ ನನಗೆ ಹೇಳು, ನಾನು ಹೋಗಿ ನೋಡಿ ಬರುತ್ತೇನೆ ಎಂದು ನಾನು ಅವನನ್ನು ಬಿಡದೆ ಕೇಳಿದೆ. ಆ ಪದ ಹಾಕಿದರೆ ಆಸ್ಪತ್ರೆಯ ಪ್ರತಿಯೊಬ್ಬ ರೋಗಿಯ ಮಾಹಿತಿಯೂ ತೆರೆದುಕೊಳ್ಳುತ್ತದೆ. ಇಂಥ ಪದವನ್ನು ಇನ್ನೊಬ್ಬರಿಗೆ ಹೇಳಿದರೆಂದು ಅವನು ಎಷ್ಟೋ ಜನರನ್ನು ಕಣ್ಣೀರು ಬರುವಂತೆ ಬೈದಿದ್ದ. “ನಿನಗೆ ಹೇಳಿದ್ರೆ ನಾಳೆ ಅವರ ಮುಖ ಹೇಗೆ ನೋಡ್ಲಿ?” ಎಂದ. “ನೀನು ಬಾ. ಗಾಡಿ ತಳ್ಕೊಂಡು ಬಾ. ಬಿದ್ರೆ ಪುಸ್ತಕದ ಮೇಲೆ ಬೀಳ್ತೀನಿ.”

ಮಾರನೆಯ ದಿನದಿಂದ ಶುರು. ಮೊದಲು ನೆಲಮಹಡಿ. ಅವನ ಕೆಲಸವನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಕುಳಿತುಕೊಳ್ಳುವುದು, ಮೇಜಿಗೆ ಮೊಣಕೈ ಊರಿ ಉಸಿರು ಹಿಡಿಯುವುದು, ನನ್ನನ್ನು ಗೋಡೆಯ ಕಡೆ ತಿರುಗಿ ನಿಲ್ಲು ಎನ್ನುವುದು, ಪದ ಹಾಕುವುದು, ಕೇಳುವುದು, ಮತ್ತೆ ಬೀಗ ಹಾಕುವುದು. ಹಳೆಯದಾದರೆ ಪರದೆಯ ಮೂಲೆಗೆ ಹಳದಿ ಟೇಪಿನ ಚೂರು. ಏಳುವಾಗ ಮೇಜನ್ನು ಎರಡು ಕೈಯಲ್ಲಿ ಹಿಡಿದು ಏಳುತ್ತಿದ್ದ. ಮುಂದಿನ ಕೋಣೆಗೆ ಹೋಗುವ ಮೊದಲು ಗಾಡಿಯ ಹಿಡಿಯ ಮೇಲೆ ಗಲ್ಲವಿಟ್ಟು ನಿಲ್ಲುತ್ತಿದ್ದ. ಜನ ಅವನ ಆರೋಗ್ಯ ವಿಚಾರಿಸಿದರೆ, “ನಾನು ಹಳೇ ಆವೃತ್ತಿ, ಬೆಂಬಲ ನಿಂತಿದೆ,” ಎನ್ನುತ್ತಿದ್ದ. ಮೊದಲ ಸಲ ಎಲ್ಲರೂ ನಕ್ಕರು. ಆಮೇಲೆ ನಗಲಿಲ್ಲ.

ಮೇಲಿನ ವಾರ್ಡುಗಳಿಗೆ ಮೆಟ್ಟಿಲ ಜೊತೆಗೆ, ರೋಗಿಗಳ ಗಾಡಿ ತಳ್ಳುವ ಇಳಿಜಾರು ದಾರಿಯೂ ಇದೆ. ಅವನು ನಡೆದೇ ಹತ್ತುತ್ತೇನೆಂದು ಹೊರಟು ಮೊದಲ ತಿರುವಿನಲ್ಲೇ ಗೋಡೆಗೆ ಒರಗಿದ. ಮೇಲಿಂದ ಗುಡುಗು ನೋಡಿದರು. ಗಾಲಿಕುರ್ಚಿಯೊಂದನ್ನು ತಾವೇ ತಳ್ಳಿಕೊಂಡು ಇಳಿದು ಬಂದರು.

“ಕೂತ್ಕೊ.”

“ನಾನು ರೋಗಿಯಲ್ಲ ಸಿಸ್ಟರ್.”

“ಅಲ್ಲ, ಮದುವೆ ಗಂಡು. ಕೂತ್ಕೊಳ್ಳಯ್ಯ ಸುಮ್ನೆ. ಮೇಲೆ ಐದು ವರ್ಷದ ಮಗು ಸೂಜಿ ಚುಚ್ಚಿಸ್ಕೊಂಡು ತುಟಿ ಪಿಟಕ್ಕೆನ್ನದೆ ಮಲಗಿದೆ. ನಿನ್ನದೇನು ದೊಡ್ಡ ರಗಳೆ?”

ಅವನು ಕುಳಿತ. ನಾನು ತಳ್ಳಿದೆ. ಪುಸ್ತಕದ ಗಾಡಿಯನ್ನು ಗುಡುಗು ತಳ್ಳಿಕೊಂಡು ಬಂದರು. ದಾರಿಯುದ್ದಕ್ಕೂ ಎದುರಾದವರು ದಾರಿ ಬಿಟ್ಟು ನಿಂತರು. ಅವನು ರಾಜನ ಹಾಗೆ ಕೈ ಎತ್ತಿ ಎತ್ತಿ ತೋರಿಸಿದ. ಮಕ್ಕಳ ವಾರ್ಡಿನ ಕಂಪ್ಯೂಟರನ್ನು ಕೇಳಿದ. ಹಳೆಯದು. “ನನ್ನದು ಹೊಸದು ಅಂತ ನೀನೇ ಹೇಳಿದ್ದಲ್ವಾ!” ಎಂದು ಗುಡುಗು ಕೂಗಿದರು. ಅವನು ಹಳದಿ ಟೇಪು ಅಂಟಿಸುತ್ತ, “ಕ್ಷಮಿಸಿ ಸಿಸ್ಟರ್,” ಎಂದ. ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ಅವರು ಎಂದೂ ಕೇಳಿರಲಿಲ್ಲವೇನೋ; ಹೋಗಿ ನೀರು ತಂದುಕೊಟ್ಟರು.

ಕೊನೆಗೆ ಲ್ಯಾಬು ಉಳಿಯಿತು. ಹಳೆಯ ಕಟ್ಟಡದ ತುದಿಯಲ್ಲಿ, ಕಡಿದಾದ ಮೆಟ್ಟಿಲಿನ ಮೇಲೆ. ಇಳಿಜಾರು ದಾರಿ ಅಲ್ಲಿಗೆ ಹೋಗುವುದಿಲ್ಲ. ಕೆಳಗೆ ನಿಂತು ಅವನು ಮೆಟ್ಟಿಲನ್ನು ನೋಡಿದ. ಅಲ್ಲಿನವೆಲ್ಲ ಹಳೆಯವೆಂದೇ ತಿಳಿದುಕೊಂಡು ಬದಲಾಯಿಸಿಬಿಡು ಎಂದೆ. ಉಗ್ರಾಣದಲ್ಲಿ ಸಿದ್ಧವಾಗಿರುವ ಹೊಸವು ಕೆಲವೇ, ಗೊತ್ತಿಲ್ಲದೆ ಅವನ್ನು ಇಲ್ಲಿ ಸುರಿದರೆ ವಾರ್ಡಿಗೆ ಸಾಲುವುದಿಲ್ಲ ಎಂದ. ಕೆಳಗೆ ಹೊತ್ತು ತರಿಸೋಣ ಎಂದೆ; ನೋಡಲೆಂದೇ ಎಲ್ಲವನ್ನೂ ಕಿತ್ತರೆ ಅಷ್ಟು ಹೊತ್ತು ಪರೀಕ್ಷೆಗಳು ನಿಲ್ಲುತ್ತವೆ ಎಂದ. ವಾದ ಮಾಡುವ ಶಕ್ತಿ ಅವನಲ್ಲಿರಲಿಲ್ಲ, ಹೇಳಿದ ಅಷ್ಟೇ. ನಾಲ್ಕು ಮೆಟ್ಟಿಲು ಹತ್ತಿ ಕೂರುತ್ತಿದ್ದ. ಮತ್ತೆ ನಾಲ್ಕು. ನಾನು ಒಂದು ಮೆಟ್ಟಿಲು ಕೆಳಗೆ ಕೂರುತ್ತಿದ್ದೆ, ಉರುಳಿದರೆ ತಡೆಯಲೆಂದು. ಒಂದು ಕಡೆ ಕೂತಾಗ ಕೇಳಿದ: “ಪೆಟ್ಟಿಗೆಯಿಂದ ದಿನಾ ಒಂದೊಂದು ಅಂಗಿ ತೆಗೀತಿದೀನಿ. ಅವಳು ಒಗೆದು ಮಡಚಿ ಮತ್ತೆ ಅದರಲ್ಲೇ ಇಡ್ತಾಳೆ. ಒಂದು ಮಾತೂ ಆಡಲ್ಲ. ಬೈದ್ರೆ ಪರವಾಗಿಲ್ಲ ಅನ್ಸುತ್ತೆ ಕಣೋ. ಬೈಯೋಕೆ ನೀನಾದ್ರೂ ಹೇಳ್ತೀಯಾ?”

ಲ್ಯಾಬಿನಲ್ಲಿದ್ದವು ಎಲ್ಲವೂ ಹಳೆಯವೇ ಆಗಿದ್ದವು. ಕೊನೆಯ ಹಳದಿ ಚೂರು ಅಂಟಿಸಿ ಅವನು ಅಲ್ಲೇ ಮೇಜಿನ ಮೇಲೆ ತಲೆಯಿಟ್ಟ. ಪಕ್ಕದಲ್ಲಿ ರಕ್ತದ ಸೀಸೆಗಳನ್ನು ತಿರುಗಿಸುವ ಯಂತ್ರ ಗಿರ್ರೆನ್ನುತ್ತಿತ್ತು. ಲ್ಯಾಬಿನವರು ಯಾರೂ ಅವನನ್ನು ಎಬ್ಬಿಸಲಿಲ್ಲ.

ಟೇಪು ಇದ್ದವನ್ನೆಲ್ಲ ಶುಚಿ ಮಾಡುವವರು ತಳದ ಕೋಣೆಗೆ ಹೊತ್ತು ತಂದರು. ಕೆಲವಕ್ಕೆ ಹೊಸ ಆವೃತ್ತಿ ಹಾಕಿದ, ತಾಳದವುಗಳ ಬದಲು ಉಗ್ರಾಣದವನ್ನು ಕಳಿಸಿದ. ಕಡಿಯುವ ದಿನಕ್ಕೆ ಮೊದಲೇ ಮುಗಿಯಿತು. ಅತ್ತಿಗೆ ಬಂದು ಆಸ್ಪತ್ರೆಯ ಬಾಗಿಲಿನಿಂದಲೇ ಅವನನ್ನು ಕರೆದುಕೊಂಡು ಹೋದರು, ಮನೆಗೆ ಹೋದರೆ ಮತ್ತೇನಾದರೂ ನೆನಪಾದೀತೆಂದು. ಬಸ್ಸಿನ ಕಿಟಕಿಯಿಂದ ಅವನು ನನಗೆ ಹೇಳಿದ್ದು, ಸರ್ವರಿನ ಕೋಣೆಯ ಫ್ಯಾನು ನಿಲ್ಲದಂತೆ ನೋಡಿಕೋ ಎಂದು. ಗೆಳೆಯನಿಗೆ ಹೇಳುವ ಮಾತು ಅದು!

ಆ ತಿಂಗಳ ಮೊದಲ ದಿನ ನಾನು ಬೇಗ ಹೋಗಿ, ಗಾಡಿ ತಳ್ಳುತ್ತ ವಾರ್ಡು ವಾರ್ಡಿಗೂ ಹೋದೆ. ಎಲ್ಲೂ ಏನೂ ಆಗಿರಲಿಲ್ಲ. ಲ್ಯಾಬಿನ ರಿಪೋರ್ಟುಗಳು ಎಂದಿನ ಹಾಗೆ ಪರದೆಯ ಮೇಲೆ ಬರುತ್ತಿದ್ದವು. ಅದು ಯಾವ ದಿನವೆಂದೇ ಯಾರಿಗೂ ನೆನಪಿರಲಿಲ್ಲ. ಗುಡುಗು ಯಾವುದೋ ತಾಯಿಯ ಮೇಲೆ ಕೂಗುತ್ತಿದ್ದರು. ಅವನಿಗೆ ಫೋನ್ ಮಾಡಬೇಕೆಂದುಕೊಂಡೆ. ಮಲಗಿರುತ್ತಾನೆ, ಎಬ್ಬಿಸುವುದು ಬೇಡವೆಂದು ಬಿಟ್ಟೆ.

ಅವನು ಆ ನೆಲಮಹಡಿಯ ಕೋಣೆಯಲ್ಲಿ ಇದ್ದದ್ದು ಸ್ವಲ್ಪವೇ ಕಾಲ. ಒಂದು ಬೆಳಿಗ್ಗೆ ಹಲ್ಲುಜ್ಜಲು ಎದ್ದವನು ಮತ್ತೆ ಹಾಸಿಗೆಯ ಅಂಚಿಗೆ ಕುಳಿತನಂತೆ, ಕುಳಿತಂತೆಯೇ ಹೋದನಂತೆ.

ಹೋದ ವಾರ ಅತ್ತಿಗೆ ತಂಗಿಯ ಮನೆಯಿಂದ ನಮ್ಮ ಊರಿಗೆ ಮರಳಿದರು. ನೋಡಲು ಹೋದೆ. ಅವರು ಮೊದಲು ಕೇಳಿದ್ದು ನಾನು ಹೆದರುತ್ತಿದ್ದ ಪ್ರಶ್ನೆಯನ್ನೇ.

“ಆ ಮೆಟ್ಟಿಲು ಹತ್ತದೆ ಇದ್ದಿದ್ರೆ ಇನ್ನೂ ಇರ್ತಿದ್ರಾ?”

ಡಾಕ್ಟರನ್ನು ಕೇಳಿದ್ದೆ. ಹೃದಯ ಆಗಲೇ ಸೋತಿತ್ತು, ಹೇಳಲಾಗದು ಎಂದಿದ್ದರು. ಅದನ್ನೇ ಹೇಳಿದೆ. ಅದಕ್ಕೆ ಸಮಾಧಾನದ ಮಾತೇನನ್ನೂ ಸೇರಿಸಲಿಲ್ಲ. ಅವನು ಏನು ಹುಡುಕುತ್ತಿದ್ದ, ಯಾಕೆ ಫೋನಿನಲ್ಲಿ ಸಿಗಲಿಲ್ಲ, ಲ್ಯಾಬಿನಲ್ಲಿ ಏನಿತ್ತು ಎಂಬುದನ್ನೆಲ್ಲ ಇಲ್ಲಿ ಬರೆದ ಹಾಗೆಯೇ ವಿವರಿಸಿದೆ. ಅವರು ಕೊನೆಯವರೆಗೆ ಕೇಳಿದರು.

“ಅವತ್ತು ಕಡಿಯೋ ದಿನ ಅಂತಿದ್ರಲ್ಲ, ಏನೂ ಆಗ್ಲಿಲ್ವಾ ನಿಮ್ಮಲ್ಲಿ?”

“ಏನೂ ಆಗ್ಲಿಲ್ಲ ಅತ್ತಿಗೆ.”

“ಅಲ್ಲಿ ತಂಗಿ ಮನೇಲಿ ಫೋನು ನಡುಮನೆಯಲ್ಲಿದೆ. ಅವತ್ತು ಬೆಳಿಗ್ಗೆ ಇವರು ಎದ್ದವರೇ ಹೋಗಿ ಅದರ ಪಕ್ಕ ಕುರ್ಚಿ ಹಾಕ್ಕೊಂಡು ಕೂತ್ರು. ತಿಂಡಿ ಅಲ್ಲೇ. ಯಾರ ಮನೆ ಫೋನ್ ಬಂದ್ರೂ ಇವರೇ ಎತ್ತೋದು. ತಂಗಿ ಗಂಡನಿಗೆ ಮುಜುಗರ. ನಾನು ಬೈದೆ, ಎಲ್ಲಾ ಸೇರಿಸಿ ಬೈದೆ. ಇಷ್ಟು ದಿನ ಇಟ್ಕೊಂಡಿದ್ದೆನಲ್ಲ. ನಗ್ತಾ ಕೇಳಿಸ್ಕೊಂಡ್ರು. ಮಧ್ಯಾಹ್ನ ಆದ್ರೂ ಆಸ್ಪತ್ರೆಯಿಂದ ಒಂದು ಫೋನೂ ಬರ್ಲಿಲ್ಲ. ಆಗ ಎದ್ದು, ಕೈಕಾಲು ತೊಳ್ಕೊಂಡು, ಹೊಟ್ಟೆ ತುಂಬಾ ಊಟ ಮಾಡಿ ಮಲಗಿದ್ರು.”

ಅತ್ತಿಗೆ ಮಡಿಲಲ್ಲಿದ್ದ ಬಟ್ಟೆಯ ಅಂಚನ್ನು ಬೆರಳಲ್ಲಿ ನೀವಿದರು.

“ದೀಪ ಹಚ್ಚೋ ಹೊತ್ತಾದ್ರೂ ಏಳ್ಲಿಲ್ಲ. ಭಯ ಆಗಿ ಮೂಗಿನ ಹತ್ರ ಕೈ ಇಟ್ಟು ನೋಡಿದೆ. ಚೆನ್ನಾಗಿ ಉಸಿರಾಡ್ತಿದ್ರು. ನನಗಿನ್ನೂ ಅವರ ಮೇಲೆ ಕೋಪ ಹೋಗಿಲ್ಲ, ಗೊತ್ತಾ?”

“ಹೋಗ್ಬೇಕಾಗಿಲ್ಲ ಅತ್ತಿಗೆ.”

“ಆದ್ರೆ ಮಲಗಿದ್ರೂ ಸುಸ್ತು ಹೋಗಲ್ಲ ಅಂತಿದ್ದೋರು, ಅವತ್ತೊಂದಿನ ಎದ್ಮೇಲೆ ಸುಸ್ತು ಅನ್ಲಿಲ್ಲ. ಟೀ ಕೊಡು ಅಂದ್ರು.”

ಅವರು ಎದ್ದು ಒಲೆ ಹಚ್ಚಿದರು. ನಾನು ಟೀ ಕುಡಿದು ಹೊರಟಾಗ ಇನ್ನೂ ಕತ್ತಲಾಗಿರಲಿಲ್ಲ.